ಕೊಟ್ಟ ಮೇಲೆ ಲೆಕ್ಕ ಕೇಳಬಾರದೇ?

ನಮ್ಮ ಹಾಲ್ಕುರಿಕೆಯಲ್ಲಿ ಅಟ್ಟದಿಂದ ಕಾಯಿ ಇಳಿಸುವ ದಿನ ತಾತ ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಒಳಗೆ ಕೊಬ್ಬರಿ ಗಡಗಡ ಎಂದರೆ ಸುಲಿಯುವುದಕ್ಕೆ, ಇಲ್ಲವಾದರೆ ಮತ್ತೆ ಅಟ್ಟಕ್ಕೆ. ತಿಪಟೂರಿನ ಮಾರುಕಟ್ಟೆಯಲ್ಲಿ ತೂಕ ಹಾಕುವಾಗ ಅರ್ಧ ಕೆ.ಜಿ. ವ್ಯತ್ಯಾಸ ಬಂದರೂ ಬಿಡುವವರಲ್ಲ. ಅದೇ ತಾತ, ಯಾರಾದರೂ ರಸೀದಿ ಪುಸ್ತಕ ಹಿಡಿದು ‘ಅನಾಥ ಮಕ್ಕಳಿಗೆ’, ‘ಅನ್ನದಾನಕ್ಕೆ’ ಎಂದು ಬಾಗಿಲಿಗೆ ಬಂದರೆ ದುಡ್ಡು ಕೊಟ್ಟು ಕೈ ಮುಗಿಯುತ್ತಾರೆ. ರಸೀದಿಯನ್ನು ಓದುವುದೂ ಇಲ್ಲ. ಯಾಕೆ ಎಂದು ಕೇಳಿದರೆ, ‘ಕೊಟ್ಟ ಮೇಲೆ ಅದು ನಮ್ಮದಲ್ಲ ಕಣಮ್ಮ. ತಿಂದರೆ ಪಾಪ ತಿಂದವರಿಗೆ’ ಎನ್ನುತ್ತಾರೆ.

ಕಳೆದ ವರ್ಷದವರೆಗೆ ನನಗೂ ಆ ಮಾತು ಸರಿ ಎನ್ನಿಸುತ್ತಿತ್ತು. ಆಮೇಲೆ ನಾನೇ ದೇಣಿಗೆ ಎತ್ತಿದೆ.

ನಮ್ಮ ತರಗತಿಯ ಗೆಳತಿಯೊಬ್ಬಳ ತಂದೆಗೆ ಅಪಘಾತವಾಗಿತ್ತು. ನಾವು ಮೂವರು ಸೇರಿ ಹಣ ಸಂಗ್ರಹಿಸಿದೆವು. ನನ್ನ ಫೋನ್‌ಪೇ ನಂಬರ್ ಎಲ್ಲ ಗ್ರೂಪ್‌ಗಳಿಗೂ ಹೋಯಿತು. ಐದು ದಿನದಲ್ಲಿ 38,600 ರೂಪಾಯಿ ಬಂತು. ಆಸ್ಪತ್ರೆಗೆ ಹೋಗಿ ಕೊಟ್ಟು ಬಂದೆವು. ವಾರ ಕಳೆಯುವಷ್ಟರಲ್ಲಿ ಹಾಸ್ಟೆಲಿನಲ್ಲಿ ಪಿಸುಮಾತು ಶುರುವಾಯಿತು: ‘ಎಷ್ಟು ಬಂತು, ಎಷ್ಟು ಕೊಟ್ಟರು?’ ನನಗೆ ಅಳುವೂ ಕೋಪವೂ ಒಟ್ಟಿಗೇ ಬಂದವು. ಹಟ ಹಿಡಿದು ರಾತ್ರಿ ಕೂತು ಲೆಕ್ಕ ಹಾಕಿದೆ. 1,450 ರೂಪಾಯಿ ತಾಳೆಯಾಗಲಿಲ್ಲ.

ನಾನು ಕದ್ದಿರಲಿಲ್ಲ. ಆದರೆ ಅಪ್ಪ ಕಳಿಸಿದ ಮೆಸ್ ಬಿಲ್ಲಿನ ಹಣ, ದೇಣಿಗೆಯ ಹಣ ಎರಡೂ ಒಂದೇ ಖಾತೆಯಲ್ಲಿದ್ದವು. ಆಸ್ಪತ್ರೆಗೆ ಹೋದ ಆಟೊ ಬಾಡಿಗೆ, ದಾರಿಯಲ್ಲಿ ಕುಡಿದ ಕಾಫಿ, ನನ್ನ ರೀಚಾರ್ಜ್ ಎಲ್ಲವೂ ಅಲ್ಲಿಂದಲೇ ಹೋಗಿದ್ದವು. ಕೈಯಿಂದ ಆ ಹಣ ತುಂಬಿ, ಬಂದದ್ದು ಕೊಟ್ಟದ್ದು ಎಲ್ಲವನ್ನೂ ಬರೆದು ಗ್ರೂಪಿಗೆ ಹಾಕಿದೆ. ಪಿಸುಮಾತು ನಿಂತಿತು. ದುರುಪಯೋಗ ಯಾವಾಗಲೂ ಕಳ್ಳತನದಿಂದ ಶುರುವಾಗುವುದಿಲ್ಲ, ನಮ್ಮ ದುಡ್ಡು ಮತ್ತು ಅವರ ದುಡ್ಡು ಬೆರೆಯುವುದರಿಂದ ಶುರುವಾಗುತ್ತದೆ ಎಂದು ಅವತ್ತು ಅರ್ಥವಾಯಿತು. ಕೇಳುವವರಿದ್ದರೆ 1,450ಕ್ಕೆ ನಿಲ್ಲುತ್ತದೆ. ಕೇಳುವವರಿಲ್ಲದಿದ್ದರೆ?

ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಸಿಂಗಪುರದ ಉದಾಹರಣೆ ಇದೆ. ಅಲ್ಲಿನ ನ್ಯಾಷನಲ್ ಕಿಡ್ನಿ ಫೌಂಡೇಷನ್ ಬಡ ರೋಗಿಗಳಿಗೆ ಡಯಾಲಿಸಿಸ್ ಮಾಡಿಸುವ ದೊಡ್ಡ ಸಂಸ್ಥೆ. ಅದರ ಮುಖ್ಯಸ್ಥ ಟಿ.ಟಿ. ದುರೈ ಅವರ ಕಚೇರಿಯ ಸ್ನಾನದ ಕೋಣೆಗೆ ಚಿನ್ನದ ಲೇಪನದ ನಲ್ಲಿ ಹಾಕಿಸಲಾಗಿತ್ತು ಎಂದು ಪತ್ರಿಕೆಯೊಂದು ಬರೆಯಿತು. ಪತ್ರಿಕೆಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಲಾಯಿತು. 2005ರ ಜುಲೈನಲ್ಲಿ ವಿಚಾರಣೆ ನಡೆದಾಗ ಅವರ ಸಂಬಳ ತಿಂಗಳಿಗೆ 25,000 ಸಿಂಗಪುರ ಡಾಲರ್, ಮೇಲೆ ಭಾರಿ ಬೋನಸ್, ವಿಮಾನದಲ್ಲಿ ಪ್ರಥಮ ದರ್ಜೆಯ ಪ್ರಯಾಣ ಎಂಬುದೆಲ್ಲ ಹೊರಬಿತ್ತು. ಮೊಕದ್ದಮೆ ಹಿಂದಕ್ಕೆ ಪಡೆದರೂ ಜನ ಸುಮ್ಮನಾಗಲಿಲ್ಲ. ಆಡಳಿತ ಮಂಡಳಿ ರಾಜೀನಾಮೆ ಕೊಟ್ಟಿತು. 2007ರಲ್ಲಿ ನ್ಯಾಯಾಲಯ ದುರೈ ಅವರಿಗೆ ಮೂರು ತಿಂಗಳ ಜೈಲು ಶಿಕ್ಷೆ ವಿಧಿಸಿತು.

ನ್ಯಾಯ ಸಿಕ್ಕಿತು, ನಿಜ. ಆದರೆ ಆ ಕೋಪದಲ್ಲಿ ಸಾವಿರಾರು ಜನ ತಿಂಗಳ ದೇಣಿಗೆಯನ್ನೂ ನಿಲ್ಲಿಸಿಬಿಟ್ಟಿದ್ದರು. ಕಿಡ್ನಿ ಕೆಟ್ಟವರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕು. ಚಿನ್ನದ ನಲ್ಲಿ ಹಾಕಿಸಿದವರು ಬೇರೆ, ಇನ್ನು ಮುಂದೆ ಹೇಗೋ ಎಂದು ಹೆದರಿದವರು ಬೇರೆ.

ನಮ್ಮಲ್ಲೂ ಇಂತಹ ಪ್ರಶ್ನೆ ಎದ್ದಿತ್ತು. 2000ದಲ್ಲಿ ಬೆಂಗಳೂರಿನಲ್ಲಿ 1,500 ಮಕ್ಕಳಿಗೆ ಊಟ ಕೊಡುವುದರಿಂದ ಶುರುವಾದ ಅಕ್ಷಯ ಪಾತ್ರ ಪ್ರತಿಷ್ಠಾನ, ಮುಂದೆ ದೇಶದಾದ್ಯಂತ ದಿನಕ್ಕೆ ಸುಮಾರು 18 ಲಕ್ಷ ಮಕ್ಕಳಿಗೆ ಬಡಿಸುವಷ್ಟು ಬೆಳೆಯಿತು. 2020ರ ಕೊನೆಯಲ್ಲಿ ಮೋಹನದಾಸ್ ಪೈ, ವಿ. ಬಾಲಕೃಷ್ಣನ್ ಸೇರಿ ನಾಲ್ವರು ಸ್ವತಂತ್ರ ಟ್ರಸ್ಟಿಗಳು ಹೊರಬಂದರು. ಆಡಳಿತದ ಪಾರದರ್ಶಕತೆಯ ಬಗ್ಗೆ ಪ್ರಶ್ನೆಗಳು ಎದ್ದವು. ಸಂಸ್ಥೆ ಆರೋಪಗಳನ್ನು ಅಲ್ಲಗಳೆಯಿತು. ನಾನಿಲ್ಲಿ ತೀರ್ಪು ಹೇಳಲು ಹೊರಟಿಲ್ಲ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಉಂಡು ಬೆಳೆದವಳಾಗಿ ನನಗೆ ಕಾಣುವುದು ಮಗುವಿನ ತಟ್ಟೆ ಮಾತ್ರ. ದೊಡ್ಡವರ ಜಗಳ ಏನೇ ಇರಲಿ, ಮಧ್ಯಾಹ್ನದ ಗಂಟೆ ಹೊಡೆದಾಗ ಆ ತಟ್ಟೆ ಖಾಲಿ ಇರಬಾರದು. ‘ಎಲ್ಲರೂ ಕಳ್ಳರು, ಇನ್ನು ಯಾರಿಗೂ ಒಂದು ರೂಪಾಯಿ ಕೊಡಲ್ಲ’ ಎಂದು ಸ್ಟೇಟಸ್ ಹಾಕುವುದು ಸುಲಭ. ಆ ಒಂದು ರೂಪಾಯಿ ತಪ್ಪುವುದು ತಪ್ಪು ಮಾಡಿದವರಿಗಲ್ಲ.

ಆದ್ದರಿಂದ ನನ್ನ ವಾದ ಇಷ್ಟೇ: ಹಗರಣವಾದ ಮೇಲೆ ಕೊಡುವುದನ್ನು ನಿಲ್ಲಿಸುವುದಕ್ಕಿಂತ ಕೊಡುವಾಗಲೇ ಲೆಕ್ಕ ಕೇಳಬೇಕು.

‘ಹೀಗೆ ಕೇಳಿದರೆ ಪ್ರಾಮಾಣಿಕರಿಗೆ ನೋವಾಗುವುದಿಲ್ಲವೇ? ನಮ್ಮ ಸಿದ್ಧಗಂಗೆಯ ದಾಸೋಹಕ್ಕೆ ಯಾರು ಲೆಕ್ಕ ಕೇಳುತ್ತಾರೆ?’ ಎಂದು ನೀವು ಕೇಳಬಹುದು. ನಮ್ಮ ಕಡೆಯ ರೈತರು ಮಠಕ್ಕೆ ರಾಗಿ, ಕಾಯಿ ಕೊಡುವುದು ನಂಬಿಕೆಯಿಂದಲೇ. ಆದರೆ ಆ ನಂಬಿಕೆ ಕಣ್ಣು ಮುಚ್ಚಿದ್ದಲ್ಲ. ಯಾರು ಬೇಕಾದರೂ ಹೋಗಿ ಪಂಕ್ತಿಯಲ್ಲಿ ಕೂತು ಉಣ್ಣಬಹುದು, ಪಕ್ಕದಲ್ಲಿ ಮಕ್ಕಳು ಉಣ್ಣುವುದನ್ನು ನೋಡಬಹುದು. ಅದು ಕಣ್ಣೆದುರಿಗಿನ ಲೆಕ್ಕ. ಫೋನಿನಲ್ಲಿ ಬಂದ ಕ್ಯೂಆರ್ ಕೋಡ್‌ಗೆ ಹಣ ಹಾಕಿದಾಗ ಪಂಕ್ತಿ ನಮಗೆ ಕಾಣುವುದಿಲ್ಲ. ಅಲ್ಲಿ ಕಾಗದದ ಲೆಕ್ಕ ಬೇಕೇ ಬೇಕು.

ಅದನ್ನು ಕೇಳುವುದು ಕಷ್ಟವೇನಲ್ಲ. ಹಣ ಸಂಸ್ಥೆಯ ಹೆಸರಿನ ಖಾತೆಗೆ ಹೋಗುತ್ತದೆಯೋ, ಯಾರದೋ ಸ್ವಂತ ಖಾತೆಗೋ ನೋಡಿ. ಕಳೆದ ವರ್ಷದ ಆಡಿಟ್ ವರದಿ ಕೇಳಿ. ಆದಾಯ ತೆರಿಗೆಯ 80ಜಿ ನೋಂದಣಿ ಇದೆ ಎಂದು ಹೇಳಿದರೆ ಅದರ ಸಂಖ್ಯೆ ಇರುವ ರಸೀದಿ ಪಡೆಯಿರಿ. 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ ಎಂಬುದು ನೆನಪಿರಲಿ. ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇನ್ನೊಂದು ಮಾತು. ಕೊರಳಿಗೆ ಸಂಸ್ಥೆಯ ಗುರುತಿನ ಚೀಟಿ ಹಾಕಿಕೊಂಡು ಮಾಲ್‌ಗಳ ಮುಂದೆ ದೇಣಿಗೆ ಕೇಳುವ ಕೆಲಸಕ್ಕೆ ನಮ್ಮ ವಯಸ್ಸಿನವರೇ ಸೇರುತ್ತಾರೆ. ಸೇರುವ ಮೊದಲು ಈ ಪ್ರಶ್ನೆಗಳನ್ನು ನೀವೇ ಕೇಳಿ. ನಾಳೆ ಜನ ಕೋಪದಿಂದ ತಿರುಗಿಬಿದ್ದಾಗ ಅವರ ಎದುರಿಗೆ ಸಿಗುವುದು ಮುಖ್ಯಸ್ಥರಲ್ಲ, ನೀವು.

ಹೋದ ರಜೆಯಲ್ಲಿ ರಸೀದಿ ಪುಸ್ತಕ ಹಿಡಿದ ಒಬ್ಬರು ನಮ್ಮ ಮನೆಗೆ ಬಂದಿದ್ದರು. ‘ಅಣ್ಣ, ಹೋದ ವರ್ಷದ ಲೆಕ್ಕದ ಪ್ರತಿ ಇದೆಯಾ?’ ಎಂದು ಕೇಳಿದೆ. ತಾತ ನನ್ನನ್ನು ದುರುಗುಟ್ಟಿ ನೋಡಿದರು. ಬಂದವರು ಸ್ವಲ್ಪ ತಡೆದು, ‘ಮುಂದಿನ ಸಲ ತರ್ತೀನಮ್ಮ’ ಎಂದು ಹೇಳಿ ನೀರು ಕುಡಿದು ಹೋದರು. ಅವರು ಗೇಟು ದಾಟಿದ ಮೇಲೆ ತಾತ ಕೇಳಿದರು: ‘ನಿನ್ನ ಲೆಕ್ಕ ಬರೋತನಕ ಆ ಮಕ್ಕಳ ಹೊಟ್ಟೆ ಕಾಯುತ್ತಾ?’

ಆ ಪ್ರಶ್ನೆಗೆ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ. ಆದರೆ ತಾತ ಅವತ್ತು ಕೊಡಬೇಕೆಂದು ತೆಗೆದ ಐನೂರು ರೂಪಾಯಿಯನ್ನು ವಾಪಸ್ ಜೇಬಿಗೆ ಇಳಿಸಲಿಲ್ಲ. ದೇವರ ಗೂಡಿನಲ್ಲಿ ಬೇರೆಯಾಗಿ ಇಟ್ಟು, ‘ಅವನ ನಂಬರ್ ಇದ್ದರೆ ಫೋನ್ ಮಾಡು, ಬೇಗ ತರಲಿ’ ಎಂದರು. ಫೋನ್ ಮಾಡಿದ್ದೇನೆ. ದುಡ್ಡು ಇನ್ನೂ ಅಲ್ಲೇ ಇದೆ.