ಇಟ್ಟ ನಡೆಯನ್ನು ಹಿಂದೆಗೆಯಬಹುದೇ?

ಹುಲಿ-ಕುರಿಯಾಟವನ್ನು ಬಲ್ಲವರಿಗೆ ಒಂದು ನಿಯಮವು ಹೇಳದೆಯೇ ತಿಳಿದಿರುವುದು: ಹುಲಿಯು ಹಾರಿ ಹಿಡಿದ ಕುರಿಯು ಮತ್ತೆ ಮನೆಗೆ ಬಾರದು. ಸಾಲಗುಂದದಂಥ ಊರಿನಲ್ಲಿ ಕಟ್ಟೆಯ ಚಪ್ಪಡಿಯ ಮೇಲೆ ಇದ್ದಲಿನಿಂದ ಗೆರೆಯೆಳೆದು ಹರಳುಗಳನ್ನಿಟ್ಟು ಆಡುವವನಿಗೂ ಈ ನಿಯಮವೇ ಗುರು. 15 ಕುರಿಗಳಲ್ಲಿ ಒಂದನ್ನು ಅಜಾಗ್ರತೆಯಿಂದ ಕಳೆದುಕೊಂಡವನು ಉಳಿದ 14ರಿಂದಲೇ 3 ಹುಲಿಗಳನ್ನೂ ಕಟ್ಟಬೇಕು. ಆಟವು ಅಲ್ಪವಿಷಯವೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜನೀತಿಯೊಡನೆ ಚದುರಂಗಕ್ಕೂ ಸ್ಥಾನವನ್ನು ಕೊಟ್ಟಿರುವನು.

ಈ ವಂಶದ ಒಂದು ಶಾಖೆಯೇ ಜಪಾನಿನಲ್ಲಿ 1990ರಲ್ಲಿ ಹುಟ್ಟಿದ ‘ಫೈರ್ ಎಂಬ್ಲೆಮ್’. ನಿಂಟೆಂಡೋ ಸಂಸ್ಥೆಯು ‘ಗೇಮ್ ಬಾಯ್ ಅಡ್ವಾನ್ಸ್’ ಎಂಬ ಕೈಯಂತ್ರಕ್ಕಾಗಿ 2003ರಲ್ಲಿ ಹೊರತಂದ ಅದರ ಕೃತಿಯು ಆ ಮಾಲೆಯಲ್ಲಿ ಮೊದಲಿಗೆ ಜಪಾನಿನ ಹೊರಗೂ ಪ್ರಕಟವಾಯಿತು. ಅದರ ರಣರಂಗವು ಚದುರಂಗದ ಹಾಸಿನಂತೆ ಮನೆಮನೆಯಾಗಿರುವುದು. ಖಡ್ಗವು ಕೊಡಲಿಯನ್ನೂ, ಕೊಡಲಿಯು ಈಟಿಯನ್ನೂ, ಈಟಿಯು ಖಡ್ಗವನ್ನೂ ಮೀರುವುವು. ಪ್ರತಿಯೊಬ್ಬ ಭಟನಿಗೂ ಹೆಸರುಂಟು, ಮಾತುಂಟು, ಸ್ನೇಹಿತರುಂಟು. ರಣದಲ್ಲಿ ಬಿದ್ದವನು ಮರಳಿ ಕಣಕ್ಕಿಳಿಯನು.

2023ರಲ್ಲಿ ಈ ಆಟವು ‘ಸ್ವಿಚ್’ ಯಂತ್ರದ ಚಂದಾದಾರರಿಗೆ ಪುನಃ ದೊರೆಯಿತು. ಅದರೊಡನೆ, ಆಡಿದುದನ್ನು ಹಿಂದಕ್ಕೆ ತಿರುಗಿಸುವ ಸೌಕರ್ಯವೂ ದೊರೆಯಿತು. ಭಟನು ಬಿದ್ದನೇ? ಕ್ಷಣಮಾತ್ರದಲ್ಲಿ ಅವನನ್ನು ಎಬ್ಬಿಸಬಹುದು! ವಿವಾದವಿರುವುದು ಇಲ್ಲಿಯೇ.

ಪೂರ್ವಪಕ್ಷದವರು ಹೇಳುವರು: ಹಿಂದೆಯೂ ಭಟನು ಬಿದ್ದೊಡನೆ ಅನೇಕರು ಆ ಅಧ್ಯಾಯವನ್ನು ಮೊದಲಿನಿಂದ ಆಡುತ್ತಿದ್ದರಷ್ಟೆ, ಈಗ ಹೊತ್ತು ಉಳಿಯುವುದು. ಈ ವಾದವು ನಿಲ್ಲದು. ಮೊದಲಿನಿಂದ ಆಡುವವನು ತನ್ನ ಶ್ರಮವೆಲ್ಲವನ್ನೂ ತೆತ್ತು, ಸೇನೆಯ ವಿನ್ಯಾಸವನ್ನೇ ಮರುಚಿಂತಿಸುವನು. ತಿರುಗಿಸುವವನು ಕೊನೆಯ ಹೆಜ್ಜೆಯನ್ನು ಮಾತ್ರ ತಿದ್ದುವನು. ಆ ಹೆಜ್ಜೆಗೆ ಕಾರಣವಾದ ಅವಿವೇಕವು ಹಾಗೆಯೇ ಉಳಿಯುವುದು.

ಅವರ ಎರಡನೆಯ ಹೇತು ಇನ್ನೂ ಬಲವಾದುದು. ಪೆಟ್ಟು ತಾಗುವುದೂ ತಪ್ಪುವುದೂ ಸಂಭವವನ್ನು ಅವಲಂಬಿಸಿರುವುದು. ದೈವವು ಕೆಡಿಸಿದುದಕ್ಕೆ ಆಟಗಾರನಿಗೇಕೆ ದಂಡವೆನ್ನುವರು. ಆದರೆ ಆ ಸಂಭವವು ನೂರರಲ್ಲಿ ಎಷ್ಟೆಂಬುದನ್ನು ಆಟವೇ ಮುಂಚಿತವಾಗಿ ತೋರಿಸುವುದು. ಅಪಾಯವನ್ನು ಕಂಡೂ ದುರ್ಬಲನನ್ನು ಮುಂದೆ ನಿಲ್ಲಿಸಿದವನು ದೈವವನ್ನು ದೂರುವುದು ಯುಕ್ತವಲ್ಲ. ಮಳೆಯನ್ನು ನಂಬಿ ಬಿತ್ತುವ ಒಕ್ಕಲಿಗನು ಬೀಜವೆಲ್ಲವನ್ನೂ ಒಂದೇ ದಿನ ಚೆಲ್ಲಿಬಿಡುವನೇ?

ಕಲಿಯುವ ಬಾಲಕನು ಪಾಟಿಯ ಮೇಲೆ ಬರೆದು ಅಳಿಸಲಿ. ಅದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ಕಲಿತವನೂ ಅಳಿಸುತ್ತಲೇ ಇದ್ದರೆ ಅವನ ಗೆಲವಿಗೆ ಬೆಲೆಯೇನು? ತಂದ ನಷ್ಟವನ್ನು ಹೊತ್ತು ಉಳಿದವರೊಡನೆ ಮುನ್ನಡೆಯುವುದೇ ಈ ಆಟವು ಕಲಿಸುವ ವಿದ್ಯೆ. ಅದನ್ನು ತೆಗೆದುಹಾಕಿದರೆ ಉಳಿಯುವುದು ಚಿತ್ರಗಳ ಮೆರವಣಿಗೆ. ಆದುದರಿಂದ ಹಳೆಯ ಆಟವನ್ನು ಮತ್ತೆ ಕೈಗೆತ್ತಿಕೊಳ್ಳುವವರು ಅದರ ನಿಯಮವನ್ನೂ ಕೈಗೆತ್ತಿಕೊಳ್ಳತಕ್ಕದ್ದು. ಮನೆಯ ಹಿರಿಯರು ಮಕ್ಕಳ ಕೈಗೆ ಯಂತ್ರವನ್ನು ಕೊಡುವಾಗ ಇದನ್ನೂ ಹೇಳಿ ಕೊಡತಕ್ಕದ್ದು.