ದಿಬ್ಬ ಕಟ್ಟುವ ಹಕ್ಕಿಯ ದಡ ಯಾರದು?

ಗೊಬ್ಬರದ ಗುಂಡಿಯಲ್ಲಿ ದರಕು ಕೊಳೆಯುವಾಗ ಏಳುವ ಕಾವು ಮಲೆನಾಡಿನ ರೈತರಿಗೆ ಹೊಸತಲ್ಲ. ಚಳಿಯ ಮುಂಜಾನೆ ಗುಂಡಿಯನ್ನು ಕೆದಕಿದರೆ ಹಬೆ ಮೇಲೇಳುತ್ತದೆ. ಇಂಥದೇ ಕಾವನ್ನು ನಂಬಿ ಮೊಟ್ಟೆಯಿಡುವ ಹಕ್ಕಿಯೊಂದು ನಿಕೋಬಾರ್ ದ್ವೀಪಗಳಲ್ಲಿದೆ. ಅದರ ಹೆಸರು ನಿಕೋಬಾರ್ ಮೆಗಾಪೋಡ್. ಗಾತ್ರದಲ್ಲಿ ಊರುಕೋಳಿಯಷ್ಟು, ಕಾಲುಗಳು ಮಾತ್ರ ದೇಹಕ್ಕೆ ಮಿಗಿಲಾದವು. ಜಗತ್ತಿನಲ್ಲಿ ಮತ್ತೆಲ್ಲಿಯೂ ಈ ಪ್ರಭೇದ ಕಂಡುಬರುವುದಿಲ್ಲ.

ಮೆಗಾಪೋಡ್ ಮೊಟ್ಟೆಯ ಮೇಲೆ ಕೂತು ಕಾವು ಕೊಡುವುದಿಲ್ಲ. ಮರಳು, ಹವಳದ ಚೂರು, ತರಗೆಲೆಗಳನ್ನು ಕಾಲಿನಿಂದ ಕೆದರಿ ರಾಶಿ ಹಾಕಿ ದಿಬ್ಬ ಕಟ್ಟುತ್ತದೆ. ಅದರೊಳಗೆ ಮೊಟ್ಟೆ ಹುಗಿಯುತ್ತದೆ. ಎಲೆ ಕೊಳೆತ ಬಿಸಿಯಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಮರಿ ತಾನಾಗಿ ದಿಬ್ಬವನ್ನು ತೋಡಿಕೊಂಡು ಹೊರಬರುತ್ತದೆ. ತಾಯಿಯ ಆರೈಕೆ ಅದಕ್ಕಿಲ್ಲ. ಹುಟ್ಟಿದ ದಿನದಿಂದಲೇ ಅದು ಸ್ವತಂತ್ರ. ಒಂದೇ ದಿಬ್ಬ ವರ್ಷಗಟ್ಟಲೆ ಬಳಕೆಯಲ್ಲಿರುವುದುಂಟು, ಒಂದಕ್ಕಿಂತ ಹೆಚ್ಚು ಜೋಡಿಗಳು ಅದನ್ನು ಹಂಚಿಕೊಳ್ಳುವುದೂ ಉಂಟು. ಮುಖ್ಯ ಸಂಗತಿಯೆಂದರೆ, ಈ ದಿಬ್ಬಗಳಲ್ಲಿ ಬಹುಪಾಲು ಇರುವುದು ಕಡಲದಂಡೆಗೆ ತಾಗಿದ ಕಾಡಿನ ಕಿರಿದಾದ ಪಟ್ಟಿಯಲ್ಲಿ. ಮರಳೂ ತರಗೆಲೆಯೂ ಒಟ್ಟಿಗೆ ಸಿಗುವುದು ಅಲ್ಲಿಯೇ.

ಇದೆಲ್ಲವೂ ತಿಳಿದದ್ದು ಕಚೇರಿಯ ಮೇಜಿನ ಮುಂದೆ ಕುಳಿತಲ್ಲ. ಕೊಯಮತ್ತೂರಿನ ಸಾಲಿಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ರವಿ ಶಂಕರನ್ 1990ರ ದಶಕದಲ್ಲಿ ನಿಕೋಬಾರಿನ ದಂಡೆಗಳನ್ನು ಸುತ್ತಿ ದಿಬ್ಬಗಳನ್ನು ಎಣಿಸಿದರು. ಅವರೊಡನೆ ಕೆಲಸ ಮಾಡಿದ ಕೆ. ಶಿವಕುಮಾರ್ ಗ್ರೇಟ್ ನಿಕೋಬಾರಿನಲ್ಲಿ ಈ ಹಕ್ಕಿಯ ಸಂತಾನಾಭಿವೃದ್ಧಿಯ ಕ್ರಮವನ್ನು ಅಭ್ಯಸಿಸಿದರು. ಆಗ ಆ ಎಣಿಕೆಯಿಂದ ಏನು ಪ್ರಯೋಜನವೆಂದು ಕೇಳಿದವರೂ ಇದ್ದಿರಬಹುದು. ಉತ್ತರ ಸಿಕ್ಕಿದ್ದು 2004ರ ಡಿಸೆಂಬರ್ 26ರ ನಂತರ. ಸುನಾಮಿ ದಂಡೆಯ ಕಾಡನ್ನು ಕೊಚ್ಚಿಕೊಂಡು ಹೋಯಿತು; ದ್ವೀಪದ ದಕ್ಷಿಣ ತುದಿ ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ಇಂದಿರಾ ಪಾಯಿಂಟಿನ ದೀಪಸ್ತಂಭ ನೀರಿನಲ್ಲಿ ನಿಂತಿತು. ಮೆಗಾಪೋಡ್ ಹೆಸರಿನಲ್ಲಿಯೇ ಅಭಯಾರಣ್ಯವೆನಿಸಿದ್ದ ಪುಟ್ಟ ದ್ವೀಪ ಮುಳುಗಿಹೋಯಿತು. 2006ರಲ್ಲಿ ಶಿವಕುಮಾರ್ ಮತ್ತೆ ದಂಡೆ ಸುತ್ತಿದಾಗ, ಬಳಕೆಯಲ್ಲಿರುವ ದಿಬ್ಬಗಳು ಸುಮಾರು ಶೇಕಡಾ 70ರಷ್ಟು ಕುಗ್ಗಿದ್ದುದು ಕಂಡುಬಂತು. ಹತ್ತು ವರ್ಷ ಹಿಂದಿನ ಎಣಿಕೆ ಇಲ್ಲದಿದ್ದರೆ ಕಳೆದುಕೊಂಡದ್ದು ಎಷ್ಟೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. 2009ರಲ್ಲಿ ರವಿ ಶಂಕರನ್ ಅಕಾಲದಲ್ಲಿ ತೀರಿಕೊಂಡರು. ಅವರ ಅಂಕಿಗಳು ಉಳಿದಿವೆ.

ಸುನಾಮಿಯಿಂದ ಪಾರಾದ ದಿಬ್ಬಗಳ ಮೇಲೆ ಈಗ ಮನುಷ್ಯನ ಯೋಜನೆ ಎರಗಿದೆ. ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿಯಲ್ಲಿ ಬೃಹತ್ ಹಡಗು ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಪಟ್ಟಣ; ಆರಂಭದ ಅಂದಾಜಿನಂತೆ 72,000 ಕೋಟಿ ರೂಪಾಯಿ. ಕೊಲ್ಲಿಯ ಅಭಯಾರಣ್ಯವನ್ನು ಪಟ್ಟಿಯಿಂದ ಕೈಬಿಡಲು 2021ರ ಜನವರಿಯಲ್ಲಿ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಒಪ್ಪಿತು. 2022ರ ನವೆಂಬರಿನಲ್ಲಿ ಪರಿಸರ ಅನುಮತಿ ದೊರೆಯಿತು. ಸುಮಾರು 130 ಚದರ ಕಿಲೋಮೀಟರ್ ಅರಣ್ಯ ಇದಕ್ಕೆ ಸಲ್ಲುತ್ತದೆ. ಕಡಿಯಬೇಕಾಗಬಹುದಾದ ಮರಗಳು 9.64 ಲಕ್ಷವೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಪರಿಹಾರದ ಕಾಡು ಬೆಳೆಸಲು ಗೊತ್ತುಮಾಡಿದ ಜಾಗ ಹರಿಯಾಣ! ಮೆಗಾಪೋಡ್ ಅಲ್ಲಿಗೆ ಹೇಗೆ ಹೋಗಬೇಕೆಂಬುದು ಕಡತದಲ್ಲಿ ಇರಲಾರದು.

ಅನುಮತಿಯ ಷರತ್ತುಗಳಲ್ಲಿ ಪಕ್ಷಿಗಳ ಅಧ್ಯಯನಕ್ಕೂ ಸಂರಕ್ಷಣಾ ಯೋಜನೆಗೂ ಸ್ಥಾನವಿದೆ. ಕ್ಷೇತ್ರ ಸಂಶೋಧನೆಯನ್ನು ಗೌರವಿಸಿದಂತೆ ತೋರುವ ಈ ಕ್ರಮ ವಾಸ್ತವದಲ್ಲಿ ಅದನ್ನು ತಲೆಕೆಳಗು ಮಾಡುತ್ತದೆ. ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎಂದು ಹೇಳಬೇಕಾದ ವಿಜ್ಞಾನಿಗೆ, ಕಟ್ಟುವುದು ನಿಶ್ಚಯವಾದ ಮೇಲೆ ಉಳಿದದ್ದನ್ನು ಎಣಿಸುವ ಕೆಲಸ ಒಪ್ಪಿಸಲಾಗಿದೆ. ಸಂಬಳ ಸಿಗುತ್ತದೆ, ವರದಿಯೂ ಬರುತ್ತದೆ. ನಿರ್ಣಯ ಮಾತ್ರ ಬದಲಾಗುವುದಿಲ್ಲ.

2022ರಲ್ಲಿ ಮೆಂಚಾಲ್ ಎಂಬ ಚಿಕ್ಕ ದ್ವೀಪವನ್ನು ಮೆಗಾಪೋಡ್ ಅಭಯಾರಣ್ಯವೆಂದು ಘೋಷಿಸಿದ್ದನ್ನು ಸಮರ್ಥಕರು ಎತ್ತಿ ತೋರುತ್ತಾರೆ. ಹಕ್ಕಿಗೆ ಜಾಗ ಕೊಟ್ಟಾಯಿತಲ್ಲ ಎಂಬುದು ಅವರ ವಾದ. ಸಣ್ಣ ದ್ವೀಪದ ಗತಿ ಒಂದೇ ಅಲೆಗೆ ಏನಾಗುತ್ತದೆಂಬುದನ್ನು 2004 ತೋರಿಸಿಕೊಟ್ಟಿದೆ. ದೊಡ್ಡ ದ್ವೀಪದ ಉದ್ದನೆಯ ದಂಡೆಯಲ್ಲಿ ಚದುರಿ ಬಾಳುವುದೇ ಈ ಹಕ್ಕಿಯ ರಕ್ಷೆ. ಇನ್ನೊಂದು ಮಾತು: ಆ ಭಾಗದ ಕಿರುದ್ವೀಪಗಳು ನಿಕೋಬಾರಿಗಳ ಪಾಲಿಗೆ ಪಿತ್ರಾರ್ಜಿತ ನೆಲ. ಅಭಯಾರಣ್ಯದ ಘೋಷಣೆಗೆ ಮೊದಲು ತಮ್ಮನ್ನು ಕೇಳಲಿಲ್ಲವೆಂದು ಅವರು ಆಕ್ಷೇಪಿಸಿದ್ದಾರೆ. ಬಂದರು ಯೋಜನೆಗೆ ಕೊಟ್ಟಿದ್ದ ಸಮ್ಮತಿಯನ್ನೂ ಅಲ್ಲಿನ ಬುಡಕಟ್ಟು ಮಂಡಳಿ 2022ರ ನವೆಂಬರಿನಲ್ಲಿ ಹಿಂತೆಗೆದುಕೊಂಡಿತು.

ದೇಶದ ರಕ್ಷಣೆಯ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಲಕ್ಕಾ ಜಲಸಂಧಿಯ ಬಾಯಿಗೆ ಸಮೀಪದ ದ್ವೀಪವಿದು. ಆದರೆ ಕ್ಯಾಂಪ್‌ಬೆಲ್ ಬೇಯಲ್ಲಿ ನೌಕಾಪಡೆಯ ಬಾಜ್ ನೆಲೆ 2012ರಿಂದಲೇ ಇದೆ. ಅದನ್ನು ಬಲಪಡಿಸುವುದು ಒಂದು ಮಾತು. ಅದರ ಹೆಸರಿನಲ್ಲಿ ಪ್ರವಾಸಿ ಪಟ್ಟಣ ಎಬ್ಬಿಸುವುದು ಬೇರೆಯೇ ಮಾತು.

ಶರಾವತಿ ಕಣಿವೆಯವರಿಗೆ ಈ ಕಥೆಯ ಕೊನೆ ಊಹಿಸುವುದು ಕಷ್ಟವಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಗುಡ್ಡದ ನೆತ್ತಿಗಳು ದ್ವೀಪಗಳಾದವು. ಕಣಿವೆಯ ತಳದಲ್ಲಿ ಯಾವ ಹಕ್ಕಿ ಯಾವ ಮರದಲ್ಲಿ ಗೂಡು ಕಟ್ಟುತ್ತಿತ್ತೆಂದು ಬರೆದಿಟ್ಟವರಿಲ್ಲ. ಹೋದದ್ದರ ಲೆಕ್ಕ ಈಗ ಹಿರಿಯರ ನೆನಪಿನಲ್ಲಷ್ಟೇ ಇದೆ. ಇಂದಿಗೂ ಬಹುತೇಕ ಯೋಜನೆಗಳ ಪರಿಸರ ವರದಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕೆಂಬುದೇ ರೂಢಿ. ಮಳೆಗಾಲ ಬಿಟ್ಟು ಮಲೆನಾಡನ್ನು ಅಳೆಯುವವರು ಏನನ್ನು ಕಂಡಾರು?

ಕಾಡಿನಂಚಿನ ಶಾಲೆ, ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ಯಾರ ಅಪ್ಪಣೆಗೂ ಕಾಯದೆ ಮಾಡಬಹುದು. ಯಾವ ಅತ್ತಿಯ ಮರಕ್ಕೆ ಮಂಗಟ್ಟೆ ಯಾವ ತಿಂಗಳು ಬರುತ್ತದೆ, ಯಾವ ಪೊಟರೆಯಲ್ಲಿ ಗೂಡು ಮಾಡುತ್ತದೆ, ಎಷ್ಟು ಮರಿ ಹೊರಬಂತು ಎಂಬುದನ್ನು ದಿನಾಂಕ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿಯೊಂದನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಸರ್ವೆಯವರ ಜೀಪು ಊರಿಗೆ ಬರುವ ಮೊದಲೇ ಆ ಪುಸ್ತಕ ಅಲ್ಲಿರಬೇಕು.