ಸೇನೆಯ ಕಂಪ್ಯೂಟರು, ಸೈನಿಕನ ಮೊಬೈಲು

ಸೇನೆಯ ಕಂಪ್ಯೂಟರ್ ಬಳಕೆಗೆ ಮೂಲ ನಿಯಮ ಒಂದೇ: ಗೋಪ್ಯ ಕಡತವಿರುವ ಯಂತ್ರಕ್ಕೆ ಇಂಟರ್ನೆಟ್ ತಾಗಬಾರದು. ವಾಯುಪಡೆ 2010ರಲ್ಲಿ ತನ್ನದೇ ಎಎಫ್‌ನೆಟ್ ಜಾಲ ಕಟ್ಟಿಕೊಂಡದ್ದೂ ಹೊರಗಿನ ಜಾಲದ ಹಂಗಿಲ್ಲದೆ ಕೆಲಸ ನಡೆಯಲೆಂದೇ. ಆದರೆ ಒಂದು ಯಂತ್ರದ ಪತ್ರ ಇನ್ನೊಂದಕ್ಕೆ ತುರ್ತಾಗಿ ಹೋಗಬೇಕಾದಾಗ ಕಚೇರಿಯ ಸಿಬ್ಬಂದಿಯ ಕೈ ಹೋಗುವುದು ಪೆನ್ ಡ್ರೈವ್‌ಗೆ. ಅಪಾಯ ಒಳಬರುವುದು ಅಲ್ಲಿಂದಲೇ.

ಅಮೆರಿಕದ ಸೇನೆ ಇದಕ್ಕೆ ದೊಡ್ಡ ಬೆಲೆ ತೆತ್ತಿತು. 2008ರಲ್ಲಿ ಮಧ್ಯಪ್ರಾಚ್ಯದ ನೆಲೆಯೊಂದರ ಲ್ಯಾಪ್‌ಟಾಪಿಗೆ ಚುಚ್ಚಿದ ಪೆನ್ ಡ್ರೈವ್‌ನಿಂದ ಹೊಕ್ಕ ವೈರಸ್ ಗೋಪ್ಯ ಜಾಲಗಳವರೆಗೂ ಹರಡಿತು. ಅದೇ ವರ್ಷದ ನವೆಂಬರಿನಲ್ಲಿ ಪೆಂಟಗನ್ ಪೆನ್ ಡ್ರೈವ್‌ಗಳನ್ನೇ ನಿಷೇಧಿಸಿತು. ಜಾಲವನ್ನು ಶುಚಿಗೊಳಿಸಲು ವರ್ಷ ದಾಟಿತು, 2010ರಲ್ಲಿ ನಿಷೇಧ ಸಡಿಲವಾಯಿತು. ಬೇರೆ ದಾರಿ ಕೊಡದ ನಿಷೇಧ ಬಹುಕಾಲ ಬಾಳುವುದಿಲ್ಲ.

ಸಾಫ್ಟ್‌ವೇರ್ ಯಾರದ್ದು ಎಂಬುದೂ ಮುಖ್ಯ. 2010ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಸ್ವಂತ ಆಪರೇಟಿಂಗ್ ಸಿಸ್ಟಂ ರೂಪಿಸುವುದಾಗಿ ಹೇಳಿದಾಗ ಆ ಕೆಲಸಕ್ಕೆ ಆರಿಸಿಕೊಂಡ ಊರುಗಳು ಬೆಂಗಳೂರು ಮತ್ತು ದೆಹಲಿ. 2023ರಲ್ಲಿ ರಕ್ಷಣಾ ಸಚಿವಾಲಯ ಇಂಟರ್ನೆಟ್ ಇರುವ ತನ್ನ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಬದಲು ಉಬುಂಟು ಆಧಾರಿತ ‘ಮಾಯಾ’ ಅಳವಡಿಸಲು ಹೊರಟಿತು. ಇದು ಸರಿಯಾದ ಹೆಜ್ಜೆ. ಆದರೆ ಹಳೆಯ ಫೈಲು ತೆರೆಯದಿದ್ದರೆ, ಪ್ರಿಂಟರ್ ಓಡದಿದ್ದರೆ ಸಿಬ್ಬಂದಿ ಸ್ವಂತ ಲ್ಯಾಪ್‌ಟಾಪ್ ಹೊರತೆಗೆಯುತ್ತಾರೆ.

ಕಚೇರಿಯ ಯಂತ್ರಕ್ಕಿಂತ ಕಷ್ಟದ್ದು ಜೇಬಿನ ಮೊಬೈಲ್. 2019ರ ಡಿಸೆಂಬರಿನಲ್ಲಿ ಬೇಹುಗಾರಿಕೆ ಪ್ರಕರಣದಲ್ಲಿ ಏಳು ನೌಕಾ ಸಿಬ್ಬಂದಿ ಬಂಧಿತರಾದರು. ಫೇಸ್‌ಬುಕ್ ಗೆಳೆತನದ ಬಲೆ ವಿಶಾಖಪಟ್ಟಣ, ಮುಂಬೈಗಳ ಜೊತೆ ನಮ್ಮ ಕಾರವಾರಕ್ಕೂ ಚಾಚಿತ್ತು. ನೌಕಾಪಡೆ ನೆಲೆಗಳಲ್ಲಿ, ಯುದ್ಧನೌಕೆಗಳಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿತು. 2020ರ ಜುಲೈನಲ್ಲಿ ಭೂಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಅಳಿಸಲು ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಸಾಯ್’ ಎಂಬ ಸ್ವಂತ ಸಂದೇಶ ಆ್ಯಪ್ ತಂದದ್ದು ಹೆಚ್ಚು ವಿವೇಕದ ಕ್ರಮ.

ಇಷ್ಟಾದರೂ ಆದೇಶ ನಿಲ್ಲುವುದು ಸೈನಿಕನಲ್ಲೇ. ಅವನ ಮನೆಗೆ ಅದು ಅನ್ವಯಿಸದು. ತಿಪಟೂರು, ತುರುವೇಕೆರೆ ಕಡೆಯ ಹಳ್ಳಿಯ ತೋಟದ ಮನೆಯಲ್ಲಿ ಕೂತ ತಾಯಿ, ಹೆಂಡತಿ, ತಮ್ಮ ಹೆಮ್ಮೆಯಿಂದ ಸ್ಟೇಟಸ್‌ಗೆ ಹಾಕುವ ಸಮವಸ್ತ್ರದ ಫೋಟೊದಲ್ಲಿ ಯೂನಿಟ್ಟಿನ ಹೆಸರು, ಊರು, ರಜೆ ಮುಗಿಯುವ ದಿನ ಎಲ್ಲವೂ ಇರಬಹುದು. ಯಾವ ಫೋಟೊ ಹಾಕಬಾರದು, ಅಪರಿಚಿತ ಕರೆಗೆ ಏನು ಹೇಳಬಾರದು ಎಂಬ ಸೂಚನೆ ಮಗ ತರಬೇತಿಗೆ ಸೇರಿದ ದಿನವೇ ಮನೆಯವರಿಗೂ ಕನ್ನಡದಲ್ಲಿ ತಲುಪಬೇಕು.